ಹೊಕ್ಕುಳಬಳ್ಳಿಯ ಪಾಲು

ಆ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಸೊಸೆಯದು, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಮಾವನದು. ನಡುವೆ ಒಂದು ಪರದೆ, ಅದರ ಆಚೀಚೆ ದಿನವಿಡೀ ಮಾತು. ಮಾವ ಅವಳನ್ನು ‘ಮೇಡಂ’ ಎಂದೇ ಕರೆಯುತ್ತಿದ್ದರು. ಗಿರಾಕಿಗಳ ಮುಂದೆ ಮರ್ಯಾದೆಗೆಂದು ಶುರುವಾದದ್ದು ಆಮೇಲೆ ಮನೆಯಲ್ಲೂ ಅಂಟಿಕೊಂಡಿತು. ಬಸ್ ಓಡಿಸುವ ಮಗ ಊಟಕ್ಕೆ ಕೂತಾಗ, “ಮೊದ್ಲು ಮೇಡಂಗೆ ಬಡಿಸಮ್ಮ, ನಾನು ಬರೀ ಡ್ರೈವರು” ಎಂದು ತಾಯಿಯನ್ನು ನಗಿಸುತ್ತಿದ್ದ.

ಸೊಸೆಗೆ ಏಳು ತಿಂಗಳು ತುಂಬಿದ ಮೇಲೆ ಮಾವನ ಅವಸರ ಹೇಳತೀರದು. ಅವಳು ಹೆಚ್ಚು ಹೊತ್ತು ನಿಲ್ಲಬಾರದೆಂದು, ಗೋಡೆಯ ಮೇಲಿನ ಅಕ್ಷರ ಓದಲು ತಡವರಿಸುವ ಗಿರಾಕಿಗಳಿಗೆ ಪರದೆಯ ಆಚೆಯಿಂದಲೇ ಉತ್ತರ ಹೇಳಿಕೊಡತೊಡಗಿದರು.

“ಅದು ‘ಗ’ ಅಲ್ಲ ಸ್ವಾಮಿ, ‘ಸ’. ಮುಂದೆ ಹೋಗಿ.”

“ಮಾವ, ನೀವೇ ಹೇಳಿಬಿಟ್ರೆ ಅದು ಯಾರ ಕಣ್ಣಿನ ಪರೀಕ್ಷೆ ಆಗತ್ತೆ?”

“ನನ್ನದೇ. ನೋಡು, ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿದೆ!”

ಆಸ್ಪತ್ರೆಯಲ್ಲಿ ಬಸುರಿಯರಿಗೆಂದು ನಡೆಯುವ ತರಗತಿಗೆ ಗಂಡನಿಗೆ ರಜೆ ಸಿಗಲಿಲ್ಲ. ಮಾವನೇ ಜೊತೆಗೆ ಹೊರಟರು. ಗೊಂಬೆಗೆ ಸ್ನಾನ ಮಾಡಿಸುವುದನ್ನು ಕಲಿಸಿದಾಗ ಎಲ್ಲರಿಗಿಂತ ಮುಂದೆ ನಿಂತು ಗೊಂಬೆಯ ಕಿವಿ ಹಿಂದೆಯೂ ಒರೆಸಿದರು. ಕೊನೆಗೆ ಒಂದು ಖಾಸಗಿ ಬ್ಯಾಂಕಿನವನು ಬಂದು ಮಾತಾಡಿದ. ಅವನ ಬ್ಯಾಂಕು ಹಣದ್ದಲ್ಲ, ರಕ್ತದ್ದು. ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಸಾಮಾನ್ಯವಾಗಿ ಎಸೆದುಬಿಡುತ್ತಾರೆ. ಅದರಲ್ಲಿ ಹೊಸ ರಕ್ತ ಹುಟ್ಟಿಸಬಲ್ಲ ಜೀವಕೋಶಗಳಿರುತ್ತವೆ. ನಮ್ಮಲ್ಲಿ ಕೊಟ್ಟರೆ ಅತಿಶೀತದಲ್ಲಿ ಕಾಪಾಡಿ ಇಡುತ್ತೇವೆ, ಅದು ನಿಮ್ಮ ಮಗುವಿಗೆ ಮಾತ್ರ, ಎಂದ. “ನಿಮ್ಮ ಮಗುವಿಗೆ ಮಾತ್ರ” ಎಂಬುದನ್ನು ಮತ್ತೆ ಮತ್ತೆ ಹೇಳಿದ.

ಮನೆಗೆ ಬರುವಾಗ ಬಸ್ಸಿನಲ್ಲಿ ಮಾವ ತೀರ್ಮಾನ ಮಾಡಿಯೇಬಿಟ್ಟಿದ್ದರು. “ಮೇಡಂ, ಇದು ಮಗುವಿಗೆ ನನ್ನ ಉಡುಗೊರೆ. ಗಾಜು ಉಜ್ಜೋ ಹೊಸ ಮೆಷಿನ್ನು ಆಮೇಲೆ ನೋಡ್ಕೊಳ್ಳೋಣ.”

ಸೊಸೆ ಮುಂದಿನ ಸಲ ತಪಾಸಣೆಗೆ ಹೋದಾಗ ಹೆರಿಗೆ ಡಾಕ್ಟರನ್ನು ಕೇಳಿದಳು. ಡಾಕ್ಟರಮ್ಮ ಬಿಡಿಸಿ ಹೇಳಿದರು. ಮನೆಯಲ್ಲಿ ಆಗಲೇ ಕಾಯಿಲೆಯಿರುವ ಮಗುವಿದ್ದರೆ ಅದಕ್ಕಾಗಿ ತಮ್ಮನದೋ ತಂಗಿಯದೋ ತೆಗೆದಿಡುವುದು ಸರಿ. ಇಲ್ಲದಿದ್ದರೆ ಮಗುವಿಗೆ ತನ್ನದೇ ರಕ್ತ ಬೇಕಾಗುವ ಸಂಭವ ತೀರಾ ಕಡಿಮೆ. ಎಲ್ಲರಿಗೂ ತೆರೆದ ದಾನದ ಬ್ಯಾಂಕೂ ಇದೆ, ಅದಕ್ಕೆ ಕೊಟ್ಟರೆ ಯಾರಿಗೆ ಹೊಂದುತ್ತದೋ ಅವರಿಗೆ ಹೋಗುತ್ತದೆ. ನಮ್ಮದು ಎಂದು ಮತ್ತೆ ಕೇಳುವ ಹಾಗಿಲ್ಲ.

ದಾನಕ್ಕೇ ಕೊಡೋಣ ಎಂದು ಗಂಡನಿಗೆ ಹೇಳಿದಾಗ, “ನಿನ್ನ ಹೊಟ್ಟೆ, ನಿನ್ನ ಬುದ್ಧಿ. ನಾನು ಎರಡಕ್ಕೂ ಕೈ ಮುಗಿದವನು. ಅಪ್ಪನ್ನ ಮಾತ್ರ ನೀನೇ ಒಪ್ಪಿಸ್ಬೇಕು” ಎಂದ.

ಅಪ್ಪ ಒಪ್ಪಲಿಲ್ಲ. ಕೂಗಾಡಿದ್ದರೆ ಅವಳೂ ನಾಲ್ಕು ಮಾತಾಡುತ್ತಿದ್ದಳು. ಅವರು “ನಿಮ್ಮಿಷ್ಟ ಅಮ್ಮ” ಎಂದಷ್ಟೇ ಹೇಳಿ ಪರದೆಯ ಆಚೆ ಹೋದರು. ಅವತ್ತಿನಿಂದ ಸಲುಗೆಯ ‘ಮೇಡಂ’, ‘ನೀನು’ ಎರಡೂ ಹೋಗಿ ‘ನೀವು’ ಬಂತು. ದಿಂಬು ತಂದಿಡುವುದು ನಿಲ್ಲಲಿಲ್ಲ, ಹಾಲು ಕುಡಿದಿರಾ ಎಂದು ಕೇಳುವುದೂ ನಿಲ್ಲಲಿಲ್ಲ. ಆದರೆ ಆ ಮರ್ಯಾದೆ ಅವಳಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಒಬ್ಬ ಗಿರಾಕಿ ಹೊಸ ಕನ್ನಡಕ ಹಾಕಿಕೊಂಡು ಗೋಡೆ ಹಿಡಿಯುತ್ತಾ ವಾಪಸ್ ಬಂದ. ನೆಲ ಇಳಿಜಾರಾಗಿ ಕಾಣುತ್ತದೆ ಎಂದ. ನೋಡಿದರೆ ಎಡಗಣ್ಣಿನ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಮಾವ ಅಂಥ ತಪ್ಪು ಮಾಡಿದ್ದನ್ನು ಅವಳು ಕಂಡೇ ಇರಲಿಲ್ಲ.

“ಅಂಥದ್ದೇನು ಹೇಳ್ಬಿಟ್ಟೆ ಅತ್ತೆ ನಾನು?” ಎಂದು ಆ ಸಂಜೆ ಕೇಳಿದಳು. ಅತ್ತೆ ಮಗುವಿಗೆಂದು ಹಳೆಯ ಮೆತ್ತನೆ ಬಟ್ಟೆಗಳನ್ನು ಕತ್ತರಿಸಿ ಮಡಿಸುತ್ತಿದ್ದರು. ಮಡಿಸುತ್ತಲೇ ಹೇಳಿದರು:

“ನಿನ್ನ ಗಂಡನಿಗೊಬ್ಬಳು ಅಕ್ಕ ಇದ್ಳು. ರಕ್ತದ ಕ್ಯಾನ್ಸರು. ಹೊಸ ರಕ್ತ ಹುಟ್ಟಿಸೋ ಅಸ್ಥಿಮಜ್ಜೆ ಬೇಕು ಅಂದ್ರು. ನನ್ನದು ಹೊಂದಲಿಲ್ಲ, ಅವರದ್ದು ಹೊಂದಲಿಲ್ಲ, ಇವನು ಇಷ್ಟುದ್ದ ಇದ್ದ, ಇವನದೂ ಹೊಂದಲಿಲ್ಲ. ಹೊರಗಿನೋರದ್ದು ಸಿಗತ್ತೆ ಅಂತ ಕಾಯ್ತಾ ಕೂತ್ವಿ. ಸಿಗಲೇ ಇಲ್ಲ. ಅವಳು ಹೋದ ಮೇಲೆ ಅವರು ಅವಳ ಹೆಸರೇ ಎತ್ತಿಲ್ಲ. ನಾನೂ ಎತ್ತಲಿಲ್ಲ.”

ಸೊಸೆ ಅತ್ತೆಯ ಕೈ ಹಿಡಿದುಕೊಂಡು ಕೂತಳು. ಇಬ್ಬರೂ ಅತ್ತರು. ಆಮೇಲೆ ಅವಳು ನೇರವಾಗಿ ಅಂಗಡಿಗೆ ಹೋಗಿ ಪರದೆ ಸರಿಸಿದಳು.

“ಮಾವ, ನೀವು ಹೇಳಿದ ಹಾಗೇ ಮಾಡೋಣ. ನನಗೆ ಗೊತ್ತಿರಲಿಲ್ಲ.”

ಅವರು ಮೆಷಿನ್ನು ನಿಲ್ಲಿಸಿದರು. ತುಂಬ ಹೊತ್ತು ಕೈ ಒರೆಸಿಕೊಂಡರು. “ಗೊತ್ತಾಯ್ತು ಅಂತ ಸೋಲಬೇಡ. ಆ ಡಾಕ್ಟರಮ್ಮನ್ನ ನಾನೊಂದು ಮಾತು ಕೇಳ್ಬೇಕು. ನನ್ನನ್ನೂ ಕರ್ಕೊಂಡು ಹೋಗು.”

ಅವರ ಬಾಯಲ್ಲಿ ಮತ್ತೆ ‘ನೀನು’ ಬಂದದ್ದಕ್ಕೇ ಅವಳಿಗೆ ಅರ್ಧ ಜೀವ ಬಂದ ಹಾಗಾಯಿತು.

ಡಾಕ್ಟರಮ್ಮನ ಕೋಣೆಯಲ್ಲಿ ಮಾವ ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು. “ಆ ಕಾಲದಲ್ಲಿ ನನ್ನ ಮಗಳ ಬಳ್ಳಿರಕ್ತ ತೆಗೆದಿಟ್ಟಿದ್ರೆ, ಅವಳು ಉಳೀತಿದ್ಳಾ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನಿಮಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳಲ್ಲ. ಅಂಥ ಕಾಯಿಲೆಗೆ ಮಗುವಿನ ಸ್ವಂತದ್ದನ್ನ ಸಾಮಾನ್ಯವಾಗಿ ಬಳಸೋದಿಲ್ಲ. ಕಾಯಿಲೆಯ ಬೀಜ ಹುಟ್ಟುವಾಗಲೇ ಅದರಲ್ಲಿ ಇರಬಹುದು. ಬೇರೆ ಮಗುವಿನದು ಹೊಂದಿದ್ರೆ ಒಂದು ಅವಕಾಶ ಇರ್ತಿತ್ತು.”

“ಬೇರೆ ಅಂದ್ರೆ, ನಮ್ಮ ಪೈಕಿಯೋರದ್ದಾ?”

“ಯಾರದಾದ್ರೂ. ನೀವು ಮುಖ ಕೂಡ ನೋಡಿರದೋರ ಮನೇದು.”

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಗಿರಾಕಿಗಳು ಹಾಗೆ ಒರೆಸಿದರೆ ಗದರುವ ಮನುಷ್ಯ. ಅಂಗಿಯ ಅಂಚು ಒದ್ದೆಯಾಯಿತು. “ಅಂಥೋರೊಬ್ಬರಿಗಾಗಿ ನಾವು ಬಾಗಿಲು ನೋಡ್ತಾ ಕೂತಿದ್ವಿ. ಈಗ ಇನ್ಯಾರೋ ಕೂತಿರ್ತಾರೆ. ಕೊಟ್ಬಿಡೋಣ ಮೇಡಂ.”

ಹೆರಿಗೆ ಒಂದು ಬೆಳಿಗ್ಗೆ ಆಯಿತು. ಹೆಣ್ಣು. ಹೊರಗೆ ಕಾಯುತ್ತಿದ್ದವರನ್ನು ಒಳಗೆ ಕರೆದಾಗ ಸೊಸೆಯ ಎದೆಯ ಮೇಲೆ ಮಗು ಕೆಂಪಗೆ, ಮುಷ್ಟಿ ಕಟ್ಟಿಕೊಂಡು, ಯಾರ ಮೇಲೋ ಸಿಟ್ಟು ಬಂದ ಹಾಗೆ ಮಲಗಿತ್ತು. ಡಾಕ್ಟರಮ್ಮ ಸ್ವಲ್ಪ ಸಂಕೋಚದಿಂದಲೇ ವಿಷಯ ತಿಳಿಸಿದರು.

“ಮಗು ಸ್ವಲ್ಪ ಸಣ್ಣದು. ಅದಕ್ಕೇ ಬಳ್ಳಿಯನ್ನ ಬೇಗ ಕತ್ತರಿಸದೆ ಒಂದಷ್ಟು ಹೊತ್ತು ಹಾಗೇ ಬಿಟ್ವಿ. ಅದರ ರಕ್ತ ಅದಕ್ಕೇ ಹೋಗ್ಲಿ ಅಂತ. ಉಳಿದದ್ದು ದಾನದ ಬ್ಯಾಂಕಿಗೆ ಸಾಲಲ್ಲ. ನೀವು ಒಪ್ಪಿದ್ರೆ ಸಂಶೋಧನೆಗೆ ಕಳಿಸ್ತೀವಿ.”

ಸೊಸೆಯ ಮುಖ ಸಣ್ಣದಾಯಿತು. “ಆಗ್ಲಿ, ಕಳಿಸಿ” ಎಂದವಳು ಮಾವನ ಕಡೆ ತಿರುಗಿದಳು. “ಇಷ್ಟೆಲ್ಲ ಆದ್ಮೇಲೆ ಹೀಗಾಯ್ತಲ್ಲ ಮಾವ.”

ಮಾವ ಮಗುವಿನ ಮೇಲೆ ಬಾಗಿ ನೋಡುತ್ತಿದ್ದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಅತ್ತೆ ಬೆನ್ನ ಮೇಲೆ ಕೈಯಿಟ್ಟರೆ, ಅವರು ನಗುತ್ತಿದ್ದರು.

“ನಿನ್ನದು, ನಮ್ಮದು, ಊರಿನದು ಅಂತ ಜಗಳ ಆಡಿದ್ದು ನಾವು. ಈ ಕಳ್ಳಿ ನೋಡು, ಸದ್ದಿಲ್ಲದೆ ಕುಡಿದು ಮುಗಿಸಿದ್ದಾಳೆ!”

ನರ್ಸು ಗದರುವಷ್ಟು ಜೋರಾಗಿ ಎಲ್ಲರೂ ನಕ್ಕರು. ಹೊಲಿಗೆ ಎಳೆಯುತ್ತದೆ, ನಗಿಸಬೇಡಿ ಎಂದು ಸೊಸೆಯೂ ನಕ್ಕಳು.

ಹೊರಡುವ ಮುನ್ನ ಡಾಕ್ಟರಮ್ಮ ಇನ್ನೊಂದು ದಾರಿ ತೋರಿಸಿದರು. ದೊಡ್ಡವರೂ ಅಸ್ಥಿಮಜ್ಜೆ ದಾನಿಗಳಾಗಿ ಸೇರಬಹುದು, ಸದ್ಯಕ್ಕೆ ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ ಕೊಟ್ಟರೆ ಸಾಕು. ಮಗು ಕತ್ತು ನಿಲ್ಲಿಸುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಅದಕ್ಕಾಗಿ ಆಸ್ಪತ್ರೆಗೆ ಹೋದರು. ಮಾವನೂ ಬಾಯಿ ತೆರೆದು ನಿಂತರು. ನಿಮಗೆ ವಯಸ್ಸು ದಾಟಿದೆ ಅಜ್ಜ, ಎಂದು ಅಲ್ಲಿಯ ಹುಡುಗಿ ನಗುತ್ತಾ ಹೇಳಿದಳು. ಅವರು ಮುನಿಸಿಕೊಂಡವರಂತೆ ಮೊಮ್ಮಗಳನ್ನು ಎತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತರು.

ಮಗ ಮೊದಲು ಮುಗಿಸಿ ಹೊರಬಂದ. ಅಪ್ಪ ಮಗುವಿನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದರು.

“ನಿಂಗೊಬ್ಬಳು ಅತ್ತೆ ಇದ್ಳು ಗೊತ್ತಾ? ನನ್ನ ಮಗಳು. ಮಹಾ ಪೋಕರಿ. ಒಂದಿನ ನಾನು ಮಧ್ಯಾಹ್ನ ಮಲಗಿದ್ದಾಗ ಕತ್ತರಿ ತಗೊಂಡು ಬಂದು ಅರ್ಧ ಮೀಸೆ ಕತ್ತರಿಸ್ಬಿಟ್ಳು.”

ಮಗ ಸದ್ದು ಮಾಡದೆ ಅಪ್ಪನ ಪಕ್ಕದಲ್ಲಿ ಕೂತ. ಅಕ್ಕನ ಬಗ್ಗೆ ಅಪ್ಪನ ಬಾಯಿಂದ ಅವನು ಕೇಳಿದ ಮೊದಲ ಮಾತು ಅದು.

“ಆಮೇಲೆ?” ಎಂದ.

ಅಪ್ಪ ಅವನ ಕಡೆ ನೋಡಿದರು. ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡರು.

“ಆಮೇಲೇನು, ಗಿರಾಕಿಗಳು ಕಾಯ್ತಿದ್ರು. ಅರ್ಧ ಮೀಸೇಲೇ ಅಂಗಡಿಗೆ ಹೋದೆ.”