ಅವ್ವನ ಕೈಯಲ್ಲಿ ಸೆಲ್ಫಿನ ಬಿಲ್ಲೆ

ನಾನು ಬಬಲೇಶ್ವರದಲ್ಲಿ ಹಾರ್ನ್ ಒತ್ತಿದರೆ ವಿಜಾಪುರದ ಗೋಳಗುಮ್ಮಟದಲ್ಲಿ ಪಾರಿವಾಳಗಳು ಎದ್ದು, ಗುರಲಿಂಗಪ್ಪನ ಗಾಡಿ ಹೊರಟಿತು ಎಂದು ಒಂದಕ್ಕೊಂದು ಏಳೇಳು ಸಲ ಹೇಳಿ ಮತ್ತೆ ಕೂರುತ್ತವೆ, ಸುಳ್ಳಾದರೆ ಈ ಸ್ಟೇರಿಂಗ್ ಹಿಡಿದ ಕೈ ಬಿದ್ದುಹೋಗಲಿ — ಬೇಡ, ಕೈ ಇರಲಿ, ಮುಂದೆ ತಗ್ಗು ಬಹಳ ಇವೆ — ಹಿಂದಿನ ಸೀಟಿನಲ್ಲಿ ಕರ ಕರ ಕರ, ಅವ್ವ ಇನ್ನೂ ಆ ಬಿಲ್ಲೆಯನ್ನು ತಿಕ್ಕುತ್ತಲೇ ಇದ್ದಾಳೆ, ಸೆರಗಿನಿಂದ, ನಡುನಡುವೆ ಉಗುರಿನಿಂದ, ಹಸಿರು ಹಿಡಿದ ತಾಮ್ರದ ಬಿಲ್ಲೆ, ರೂಪಾಯಿಯಷ್ಟಗಲ, ನಡುವೆ ತೂತು, ಕನ್ನಡಿಯಲ್ಲಿ ಅವಳ ಮುಖ ನನ್ನ ಕಡೆಗೇ ಇದೆ, ಕಣ್ಣು ತೆರೆದೇ ಇವೆ, ಆದರೆ ಎರಡರ ಮೇಲೂ ಪೊರೆ, ಆರಿದ ಹಾಲಿನ ಕೆನೆಯಂಥದ್ದು, ಮೂರು ವರ್ಷದಿಂದ ನನ್ನ ಮುಖ ಅವಳಿಗೆ ಬರೀ ಒಂದು ದನಿ, ಆ ದನಿಯೋ, ನನ್ನದು, ಅದಕ್ಕೆ ಲಗಾಮು ಹಾಕಿದವರು ಯಾರು — ಹೊರಗಿನಿಂದ ಬಂದ ಕಣ್ಣಿನ ಡಾಕ್ಟರು ಇವತ್ತು ಒಂದೇ ದಿನ ವಿಜಾಪುರದ ದವಾಖಾನೆಯಲ್ಲಿ ಇರುತ್ತಾರೆ, ಸಂಜೆಯ ರೈಲಿಗೆ ಹೋದರೆ ಮತ್ತೆ ಯಾವಾಗಲೋ, ಅಷ್ಟರಲ್ಲಿ ಕಣ್ಣು ಪೂರಾ ಮುಚ್ಚಿಹೋದರೆ — ಅವ್ವ ಒಲ್ಲೆ ಎಂದಿದ್ದಳು, ಕಣ್ಣಾಗ ಚಾಕು ಹಾಕ್ತಾರಂತ, ನಾ ಹಿಂಗ ಇರ್ತೇನಿ ಬಿಡೋ ಯಪ್ಪಾ, ಆಗ ನಾನು ಎದೆ ತಟ್ಟಿ ಹೇಳಿದೆ, ಯವ್ವಾ, ಡಾಕ್ಟರ ನನ್ನ ಖಾಸಾ ದೋಸ್ತ, ನಾ ಹೋಗಿ ನಿಲ್ಲೂತನಕಾ ಚಾಕು ಮುಟ್ಟಾಂಗಿಲ್ಲ, ಹಂಗಂತ ಕೈಮ್ಯಾಲ ಕೈಯಿಟ್ಟು ಹೇಳ್ಯಾನ — ದೋಸ್ತ ಎಂದ ಮೇಲೆ ಒಪ್ಪಿದಳು, ನಾನು ಡ್ರೈವರಿಕೆ ಮಾಡುವ ಧಣಿಯರು ತಮ್ಮ ಫೋರ್ಡ್ ಗಾಡಿಯನ್ನೇ ಕೊಟ್ಟರು, ಜ್ವಾಕಿ ಒಯ್ಯೋ, ಹಾದಿ ಬಿಟ್ಟು ಹೋಗಬ್ಯಾಡ ಎಂದರು, ನಾನು ಹಾದಿ ಬಿಟ್ಟೇ ಹೋದೆ.

ಬಬಲೇಶ್ವರದಿಂದ ನೇರ ವಿಜಾಪುರಕ್ಕೆ ಹೋಗಬೇಕಾದವನು ತಿಕೋಟಾಕ್ಕೆ ತಿರುಗಿಸಿದ್ದೇಕೆ, ಇವತ್ತು ಅಲ್ಲಿ ಸಂತೆ, ಅತ್ತೆಯ ಮನೆಯವರೆಲ್ಲ ಸಂತೆಗೆ ಬಂದಿರುತ್ತಾರೆ, ನೋಡಲಿ ಒಮ್ಮೆ, ಕೆಂಪು ಮಣ್ಣಿನ ಧೂಳೆಬ್ಬಿಸಿ ಅಳಿಯ ಬರುವುದನ್ನು — ಜನ ನೋಡಿದರು, ನೂರಲ್ಲ, ಹತ್ತು ಸಾವಿರ ಜನ, ಸರಿ, ನಲವತ್ತು ಇರಬಹುದು, ಅವರ ನಡುವೆ ಎಂಜಿನ್ ನಿಲ್ಲಿಸಿ ಇಳಿದು ಮೀಸೆ ತಿರುವಿ, ನೋಡ್ರಿ ಈಗ, ಬಟ್ಟು ಇಟ್ಟರ ಎದ್ದು ನಿಂದರ್ತದ ಎಂದು ಗುಂಡಿ ಒತ್ತಿದರೆ, ಟಕ್ — ಬರೀ ಟಕ್, ಅಷ್ಟೇ, ದಿನಾ ಟಕ್ ಎಂದ ಕೂಡಲೇ ಗರ್ ಎಂದು ಎದ್ದೇಳುವ ಗಾಡಿ ಟಕ್ ಎಂದು ಸುಮ್ಮನಾಯಿತು, ಮತ್ತೆ ಒತ್ತಿದೆ, ಟಕ್, ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುವಬೇಕೆಂದರೆ ಹ್ಯಾಂಡಲ್ ಮನೆಯಲ್ಲಿದೆ, ನನ್ನಂಥವನ ಗಾಡಿಯಲ್ಲಿ ಹ್ಯಾಂಡಲ್ ಕಂಡರೆ ಜನ ಏನಂದಾರು ಎಂದು ನಾನೇ ತೆಗೆದಿಟ್ಟಿದ್ದೆ, ನೂಕಿ ಎಬ್ಬಿಸೋಣವೆಂದರೆ ಮುಂದೆ ಜೋಳದ ಚೀಲದ ಗಾಡಿಗಳು, ಹಿಂದೆ ಎಮ್ಮೆಗಳು, ನೂಕುವುದು ಎಲ್ಲಿಗೆ — ಒಳಗಿನಿಂದ ಅವ್ವ, ಯಾಕ್ಲೇ ಗುರಲಿಂಗಾ, ಏನಾತು, ಏನಿಲ್ಲಬೇ, ಗಾಡಿ ದಮ್ ತಗೊಳ್ಳಾಕತ್ತೈತಿ — ಅಷ್ಟರಲ್ಲಿ ದಾವಲಸಾಬ, ಸಂತೆಯ ಅಂಚಿನಲ್ಲಿ ಗಾಡಿ ದುರಸ್ತಿಯ ಶೆಡ್ ಇಟ್ಟವನು, ಊರಿಗೆಲ್ಲ ಕೇಳುವ ಹಾಗೆ ನಗುತ್ತಾ ಬಂದ, ಏನ್ರಿ ಡ್ರೈವರ ಸಾಹೇಬ್ರ, ಬಟ್ಟು ಇಟ್ಟರ ಏಳ್ತಿತ್ತಲ್ಲ, ಬಟ್ಟಿಗೆ ಏನಾರ ಮುಳ್ಳು ಚುಚ್ಚೇತೇನು, ನಾನು ಹೇಳಿದೆ, ಕಾಕಾ, ನನಗ ಗೊತ್ತೈತಿ, ಬ್ಯಾಟ್ರಿ ಸತ್ತೈತಿ, ಅವನು ಹೇಳಿದ, ನಿನಗ ಗೊತ್ತಿದ್ರ ನಾ ಹೊಕ್ಕೇನಿ, ಹೋಗಲಿಲ್ಲ, ದೀಪ ಹಚ್ಚು ಎಂದ, ಹಚ್ಚಿದೆ, ಈಗ ಗುಂಡಿ ಒತ್ತು ಎಂದ, ಟಕ್, ದೀಪ ಒಂದಿಷ್ಟೂ ಮಂಕಾಗಲಿಲ್ಲ, ನೋಡು, ಬ್ಯಾಟ್ರಿ ಗಟ್ಟಿ ಐತಿ, ಸೆಲ್ಫಿಗೆ, ಎಂಜಿನ್ ಎಬ್ಬಿಸೂ ಮೋಟರಿಗೆ, ಕರೆಂಟ ಮುಟ್ಟವಲ್ದು, ಚಾವಿ ತಗಿ, ದೂರ ಸರಿ — ಬಾನೆಟ್ ಎತ್ತಿ ಬ್ಯಾಟರಿಯ ಹತ್ತಿರ ಎಂಜಿನ್ನಿನ ಹಿಂದಿನ ತಗಡಿಗೆ ಅಂಟಿದ ಒಂದು ಡಬ್ಬಿಯ ಎರಡು ದಪ್ಪ ಬೋಲ್ಟಿನ ಮೇಲೆ ಅಡ್ಡಲಾಗಿ ನಟ್ಟು ಬಿಚ್ಚುವ ಪಾನಾ ಇಟ್ಟ — ನೀಲಿ ಕಿಡಿ, ಅಪ್ಪಾ ಎಂಥ ನೀಲಿ, ಹಗಲಿನಲ್ಲಿ ಆಕಾಶದ ಚಿಕ್ಕಿ ಒಡೆದ ಹಾಗೆ, ಗಾಡಿ ಇಡೀ ಮೈ ನಡುಗಿಸಿ ಗುರ್ ಗುರ್ ಎಂದಿತು, ಎಮ್ಮೆಗಳು ಹಗ್ಗ ಜಗ್ಗಿದವು, ನಾನು ಹೆದರಲಿಲ್ಲ, ಹಿಂದೆ ಹಾರಿದ್ದು ಬೇರೆ ಕಾರಣಕ್ಕೆ — ದಾವಲಸಾಬ ಹೇಳಿದ, ಸೆಲ್ಫ್ ಚಲೋ ಐತಿ, ಕೆಟ್ಟದ್ದು ಈ ಡಬ್ಬಿ, ಇಂಗ್ಲಿಷಿನಾಗ ಸೋಲನಾಯ್ಡ ಅಂತಾರ.

ಯುದ್ಧ ಮುಗಿದ ಮೇಲೆ ಲಿಲಾವಿನಲ್ಲಿ ಬೆಲೆ ಕೂಗಿ ಕೊಂಡ ಮಿಲ್ಟ್ರಿ ಲಾರಿಯೊಂದು ಅವನ ಶೆಡ್ಡಿನ ಹಿಂದೆ ಗಾಲಿಯಿಲ್ಲದೆ ಬೇವಿನ ಗಿಡದ ಕೆಳಗೆ ಕುಳಿತಿತ್ತು, ಅದೂ ಫೋರ್ಡೇ, ಅದರ ಡಬ್ಬಿ ಬಿಚ್ಚಿ ತಂದ, ನನ್ನ ಗಾಡಿಯ ಬ್ಯಾಟರಿಯ ವಾಯರ್ ಮೊದಲು ಕಳಚಿ, ಎರಡು ದಪ್ಪ ವಾಯರು, ಒಂದು ಸಣ್ಣದು, ಹಳೆಯದು ಇಳಿಯಿತು, ಬೇರೆಯದು ಏರಿತು, ಬಿಸಿಲೂ ಏರಿತು, ಡಾಕ್ಟರ ಮುಂದಿನ ಸಾಲು ಎಷ್ಟು ಉದ್ದವಾಗಿದೆಯೋ — ಒತ್ತು ಎಂದ, ಒತ್ತಿದೆ, ಟಕ್ ಗರ್ — ಎದ್ದಿತು, ಆ ಟಕ್, ಎಷ್ಟು ಸಲ ಕೇಳಿದರೂ ನನ್ನ ತೋಳಿನ ಕೂದಲು ಏಳುತ್ತವೆ, ಯಾರಿಗೂ ಹೇಳಿಲ್ಲ, ಧಣಿಯರು ಗಾಡಿ ತಂದ ಮೊದಲ ದಿನ ಬೆರಳು ಇಲ್ಲಿ ಇಟ್ಟರೆ ಅಲ್ಲಿ, ಮೊಳ ದೂರದ ಮುಚ್ಚಿದ ಡಬ್ಬಿಯೊಳಗೆ, ಯಾರೋ ಕದ ತಟ್ಟಿದ ಹಾಗೆ ಟಕ್ ಎಂದಿತು, ಮುಟ್ಟಿದವರಿಲ್ಲ, ಎಳೆದವರಿಲ್ಲ, ಒಳಗೆ ಯಾರಿದ್ದಾರೆ — ಈಗ ದಾವಲಸಾಬ ಉಳಿಯಿಂದ ಹಳೆಯ ಡಬ್ಬಿಯ ಮುಚ್ಚಳ ಎಬ್ಬಿಸಿ ತೋರಿಸಿದ, ನೋಡು, ಕರೆಂಟ ಬಂತಂದ್ರ ಈ ತಂತಿ ಸುತ್ತು ಚುಂಬಕ ಆಗ್ತದ, ಕಬ್ಬಿಣ ಜಗ್ಗತದ, ಈ ತಾಮ್ರದ ಬಿಲ್ಲಿ ಹೋಗಿ ಎರಡೂ ಬೋಲ್ಟ ಮುಟ್ಟತದ, ಅಷ್ಟ — ಅಷ್ಟ ಎಂದ, ಅಷ್ಟೇ ಅಂತೆ, ಇದ್ದಕ್ಕಿದ್ದ ಹಾಗೆ ತಂತಿಗೆ ಕಬ್ಬಿಣದ ಮೇಲೆ ಪ್ರೀತಿ ಹುಟ್ಟುವುದು ಅಷ್ಟೇ ಏನು, ದೇವರಿದ್ದಾನೆ ಎಂದುಕೊಂಡದ್ದಕ್ಕಿಂತ ಇದು ಇನ್ನೂ ದೊಡ್ಡದಾಗಿ ಕಂಡಿತು ನನಗೆ — ಆಮೇಲೆ ಅವನು ಡಬ್ಬಿಯನ್ನು ಮೂಗಿಗೆ ಹಿಡಿದ, ಮತ್ತೆ ಹಿಡಿದ, ಲೇ, ಇದೇನು ಕಮಟು ಕೊಬ್ರಿ ವಾಸನಿ, ಒಳಗ ಇಬತ್ತಿ ಬ್ಯಾರೆ ಮೆತ್ತೇತಿ, ಬಿಲ್ಲಿ ಪೂರಾ ಹಸರಾಗೇತಿ, ಖರೇ ಹೇಳು, ಏನ್ ಕುಡಿಸೀದಿ ಇದಕ್ಕ.

ಏನು ಹೇಳಲಿ, ಅಮಾಸಿಗೊಮ್ಮೆ ಎಲ್ಲರೂ ಗಾಡಿ ಪೂಜೆ ಮಾಡುತ್ತಾರೆ, ಗಾಲಿಯ ಮುಂದೆ ಕಾಯಿ ಒಡೆಯುತ್ತಾರೆ, ನಾನು ಎಲ್ಲರ ಹಾಗೆ ಗಾಲಿಗೆ ಒಡೆಯಲಿಲ್ಲ, ಬಾನೆಟ್ ಎತ್ತಿ, ಡಬ್ಬಿಗೆ ಮೂರು ಬಟ್ಟು ಇಬತ್ತಿ ಬಳಿದು, ಕಾಯಿ ನೀರು ಅದರ ನೆತ್ತಿಯ ಮೇಲೇ ಸುರಿದೆ, ಪ್ರತಿ ಅಮಾಸಿ, ಒಳಗಿನವನು ಕುಡಿಯಲಿ ಎಂದು — ದಾವಲಸಾಬ ಹೊಟ್ಟೆ ಹಿಡಿದು ನಕ್ಕ, ಸಂತೆ ನಕ್ಕಿತು, ಅತ್ತೆಯ ಮನೆಯವರೂ ನಕ್ಕರು, ಅವ್ವ ಮಾತ್ರ ನಗಲಿಲ್ಲ, ಕಿಟಕಿಯಿಂದ ಕೈ ಚಾಚಿ, ಆ ಬಿಲ್ಲಿ ಇಲ್ಲಿ ಕೊಡ್ರಿ ಎಂದಳು, ತಗೋ ಯವ್ವಾ ಎಂದು ಅವನು ಅವಳ ಅಂಗೈಗೆ ಇಟ್ಟ, ಆಗಿನಿಂದ ಕರ ಕರ, ಹೊಲಗಳು ಹೋದವು, ಇಟ್ಟಂಗಿಹಾಳ ಬಂತು, ದೂರದಲ್ಲಿ ಗುಮ್ಮಟ ಬೂದು ಬೆಟ್ಟದ ಹಾಗೆ ಎದ್ದಿದೆ, ಪಾರಿವಾಳ ಒಂದೂ ಕಾಣದು, ಕರ ಕರ — ನಿಂತಿತು, ಗಾಡಿ ನಿಂದರಸು ಎಂದಳು, ಯಾಕಬೇ, ಹೊತ್ತಾಗೇತಿ, ನಿಂದರಸು ಅಂದೇನಿ, ಎಂಜಿನ್ ಆರಿಸಿದೆ, ಊರ ಹೊರಗಿನ ಗಾಳಿಯ ಸಪ್ಪಳ, ಮತ್ತೆ ಅವಳು, ಎಷ್ಟೋ ಹೊತ್ತಿನಿಂದ ಹಿಡಿದಿಟ್ಟುಕೊಂಡ ಹಾಗೆ, ಗುರಲಿಂಗಾ, ಗಾಡಿ ನನಗ ಪೂರಾ ತಿಳಿತೈತಿ ಅಂತಿದ್ದಿ, ಅದು ಹಿಂಗಾತು, ಡಾಕ್ಟರ ನಿನ್ನ ದೋಸ್ತ ಅನ್ನೂದೂ ಹಿಂಗ ಏನು — ಎಷ್ಟೊಂದು ಉತ್ತರ ಬಾಯಿಗೆ ಬಂದವು, ದೋಸ್ತ ಅಲ್ಲಬೇ, ಅಣ್ಣ ಇದ್ದಂಗ, ನಿನ್ನೆ ಕನಸಿನ್ಯಾಗ ಬಂದಿದ್ದ, ಎಲ್ಲವೂ ಟಕ್ ಎಂದು ಅಲ್ಲೇ ನಿಂತವು, ಮುಂದೆ ಹೋಗಲಿಲ್ಲ, ಸುಳ್ಳು ಕೇಳಿ ಚಾಕುವಿನ ಕೆಳಗೆ ಮಲಗುವವಳು ಅವಳು, ನಾನಲ್ಲ, ಖರೇ ಹೇಳಿದರೆ ಒಲ್ಲೆ ಎಂದು ಹಿಂದಿರುಗುತ್ತಾಳೆ, ಕಣ್ಣು ಹೋಗುತ್ತದೆ, ಆದರೂ ಕನ್ನಡಿಯಲ್ಲಿ ಆ ಕಣ್ಣು, ಕಾಣದ ಕಣ್ಣು, ನನ್ನನ್ನೇ — ಇಲ್ಲಬೇ, ಎಂದೆ, ನಾ ಅವರ ಮಾರಿ ಸೈತ ನೋಡಿಲ್ಲ, ನನ್ನ ಹೆಸರೂ ಅವರಿಗೆ ಗೊತ್ತಿಲ್ಲ, ಮೊದಲ ಬಂದವರಿಗೆ ಮೊದಲ ಅಂತ ದವಾಖಾನಿ ಚಪರಾಶಿ ಹೇಳಿದ್ದ, ನಾ ಸಂತ್ಯಾಗ ಮೆರ್ಯಾಕ ಹೋಗಿ ತಡಾ ಮಾಡೇನಿ, ಗಾಡೀದೂ ನನಗ ಏನೂ ತಿಳಿಯೂದಿಲ್ಲ, ಆ ಡಬ್ಬಿ ಟಕ್ ಅಂದ್ರ ಅಂಜಿಕಿ ಬರ್ತದ, ಅದಕ್ಕ ಕೈ ಮುಗಿದೆ — ಎಲ್ಲೋ ಒಂದು ಎತ್ತಿನ ಗಂಟೆ, ಅವ್ವ ಬಿಲ್ಲೆಯನ್ನು ಬೆರಳಲ್ಲಿ ಒಮ್ಮೆ ತಿರುವಿ, ನಿನ್ನ ದೋಸ್ತ ಅಲ್ಲಂದ್ರ ಖರೇ ಡಾಕ್ಟರನ ಇರಬೇಕು, ನಡಿ, ಗಾಡಿ ಬಿಡು — ಬೆರಳು ಗುಂಡಿಯ ಮೇಲಿದೆ, ಇನ್ನೂ ಒತ್ತಿಲ್ಲ, ಕನ್ನಡಿಯಲ್ಲಿ ಅವಳ ಅಂಗೈ, ಅಂಗೈಯಲ್ಲಿ ಬಿಲ್ಲೆ, ಒಂದು ಅಂಚು ಇನ್ನೂ ಹಸಿರು, ತಿಕ್ಕಿದ ಕಡೆ ಕೆಂಪಗೆ ತಾಮ್ರ, ಅದರ ಮೇಲೆ ಬಿಸಿಲು, ಅವ್ವ ಅದನ್ನು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ಹಿಡಿದಿದ್ದಾಳೆ, ಕೆಂಪಗೆ, ತಾಮ್ರ