ಬಟಾಣಿ ಮೇಷ್ಟ್ರ ವಂಶವೃಕ್ಷ

ರಾಜಾಜಿನಗರದ ಜಗನ್ನಾಥ ಮೇಷ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಬಟಾಣಿ ಗಿಡದ ಪಾಠ ಹೇಳಿದವರು. ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿ ಕೂತ ದೋಷ ಮಗುವಿನಲ್ಲಿ ತಲೆಯೆತ್ತುತ್ತದೆ ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ಸೀಮೆಸುಣ್ಣ ಸವೆಸಿದವರು. ಮಗಳು ರಾಗಿಣಿಯನ್ನು ಮಾತ್ರ ಹೆಂಡತಿಯ ಕಿರಿಯ ತಮ್ಮ ಶ್ಯಾಮಸುಂದರನಿಗೇ ಧಾರೆಯೆರೆದು ಕೊಟ್ಟರು. ಸೋದರಮಾವ, ಕಣ್ಣೆದುರೇ ಬೆಳೆದ ಹುಡುಗ, ಜಾತಕವೂ ಕೂಡಿತ್ತು. ಪಾಠ ಏನಿದ್ದರೂ ಬಟಾಣಿಗೆ ಸ್ವಾಮಿ, ಮನೆತನಕ್ಕಲ್ಲ!

ಈಗ ಆ ದಂಪತಿಯ ಮಗಳು, ಹದಿನಾರರ ಮಾಲವಿಕಾಳ ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಆರು ತಿಂಗಳಲ್ಲಿ ನಾಲ್ಕು ಡಾಕ್ಟರು ಬದಲಾದರು. ಕೊನೆಗೆ "ಇದು ವಿಜ್ಞಾನದ ವಿಷಯ, ನಾನು ಮಾತಾಡ್ತೀನಿ" ಎಂದು ಮಗಳು ಅಳಿಯನನ್ನು ಮನೆಯಲ್ಲೇ ಬಿಟ್ಟು, ಹೆಂಡತಿ ಅಲಮೇಲು ಜೊತೆ ಮೊಮ್ಮಗಳನ್ನು ಜೆನೆಟಿಕ್ಸ್ ವಿಭಾಗಕ್ಕೆ ಕರೆತಂದರು. ಅಲ್ಲಿನ ಡಾಕ್ಟರಮ್ಮ ಕಾಗದದ ಮೇಲೆ ವಂಶವೃಕ್ಷ ಬರೆಯತೊಡಗಿದರು.

"ಸಾರ್, ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?"

"ಛೆ ಛೆ, ಯಾರಿಗೂ ಇಲ್ಲ ಕಣಮ್ಮ. ನಮ್ಮದು ಅಪರಂಜಿ ವಂಶ," ಎಂದರು ಮೇಷ್ಟ್ರು. ನಾಳೆ ಹುಡುಗಿಗೆ ಗಂಡು ಹುಡುಕಬೇಕಲ್ಲ!

"ಹಾಗಾದ್ರೆ ಎಲ್ಲಾ ಜೀನೂ ಜಾಲಾಡ್ಬೇಕು. ಒಂದೂವರೆ ತಿಂಗಳಾಗುತ್ತೆ. ಅಷ್ಟರಲ್ಲಿ ಜಾಸ್ತಿಯಾದ್ರೆ ಕಷ್ಟ ಸಾರ್."

"ಆಗ್ಲಿ, ಎಲ್ಲಾನೂ ಜಾಲಾಡಿ," ಎಂದರು ಮಹಾನುಭಾವ ಮೇಷ್ಟ್ರು. ಅಲಮೇಲು ಗಂಡನ ಮುಖ ನೋಡಿದರು, ಮೊಮ್ಮಗಳ ಕೈ ನೋಡಿದರು.

"ನನ್ನ ಇನ್ನೊಬ್ಬ ತಮ್ಮ ನಾಣಿ ಅಂತ ಇದ್ದ, ಬರ್ಕೊಳಮ್ಮ. ಇದೇ ನಡುಕ, ಇದೇ ತೊದಲು. ಎಂಬತ್ತೈದನೇ ಇಸವೀಲಿ ಹೋದ, ಇಪ್ಪತ್ತೇ ವರ್ಷಕ್ಕೆ. ಊರಿಗೆಲ್ಲ ಕಾಮಾಲೆ ಅಂತ ಹೇಳಿದ್ವಿ."

ಡಾಕ್ಟರಮ್ಮ ತಕ್ಷಣ ಹುಡುಗಿಯನ್ನು ಕಣ್ಣಿನ ಪರೀಕ್ಷೆಗೂ ರಕ್ತ ಪರೀಕ್ಷೆಗೂ ಕಳಿಸಿದರು. ಎರಡೇ ದಿನದಲ್ಲಿ ಗೊತ್ತಾಯಿತು. ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಕಂದು ಉಂಗುರ. ತಾಮ್ರದ ಅಂಶ ಮೈಯಿಂದ ಹೊರಹೋಗದೆ ಲಿವರಿನಲ್ಲಿ, ಮೆದುಳಿನಲ್ಲಿ ಸೇರಿಕೊಳ್ಳುವ ಕಾಯಿಲೆ.

"ಆ ಒಂದು ಜೀನ್ ನೋಡಿ ಖಚಿತ ಮಾಡ್ಕೊಳೋಣ. ಮಾತ್ರೆ ಇವತ್ತೇ ಶುರು. ಜೀವನ ಪೂರ್ತಿ ತಗೋಬೇಕು, ಆದ್ರೆ ಸುಧಾರಿಸ್ಕೊಳ್ತಾಳೆ, ಅಜ್ಜಿ."

ಮೇಷ್ಟ್ರು ಕಣ್ಣೊರೆಸಿಕೊಂಡರು. ಬಾಯಿ ಸುಮ್ಮನಿರಬೇಕಲ್ಲ. "ನೋಡಿದ್ಯೇನೇ ಅಲಮೇಲು, ವಿಜ್ಞಾನ ಎಷ್ಟು ಮುಂದುವರಿದಿದೆ! ನಾಣಿ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?"

"ಜೀನ್ ಟೆಸ್ಟ್ ಇರ್ಲಿಲ್ಲ ಸಾರ್. ಮಾತ್ರೆ ಆಗ್ಲೂ ಇತ್ತು," ಎಂದರು ಡಾಕ್ಟರಮ್ಮ.

ಅಲಮೇಲು ಗಂಡನ ಕಡೆ ತಿರುಗಿದರು.

"ದೊಡ್ಡಾಸ್ಪತ್ರೆಗೆ ಸೇರಿಸೋಕೆ ಅಂತ ನಮ್ಮಪ್ಪ ನಾಣಿ ಬಟ್ಟೆ ಕಟ್ಕೊಂಡು ನಮ್ಮನೆಗೆ ಬಂದಿದ್ರು. ಬೇಡ ಮಾವ, ನಾಲ್ಕು ಜನಕ್ಕೆ ಗೊತ್ತಾಗುತ್ತೆ ಅಂತ ವಾಪಸ್ ಕಳಿಸಿದ್ದು ನೀವಲ್ವಾ?"