ಉಪ್ಪು ನೋಡುವವಳು

ಉಪ್ಪು ಸುರಿದ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುವಾಗ ರಿಹಾಬ್ ಅದನ್ನು ಕಂಡಳು. ಹಂಡೆಯ ಆಚೆ ಬದಿಯಲ್ಲಿ ಇನ್ನೊಂದು ಉಪ್ಪಿನ ಪೊಟ್ಟಣ ಬಾಯಿ ಹರಿದುಕೊಂಡು ಖಾಲಿ ಬಿದ್ದಿತ್ತು.

"ಅತ್ತೆ, ನೀವು ಉಪ್ಪು ಹಾಕಿದ್ರಾ?"

"ಆಗ್ಲೇ ಹಾಕ್ದೆ. ಯಾಕೆ?"

ಉಮ್ಮ್ ನಾಹಿದ್ ಸೊಸೆಯ ಮುಖ ನೋಡಿದಳು, ಕೈ ನೋಡಿದಳು. ಅವಳ ಕೈಯಲ್ಲಿದ್ದ ಸೌಟು ನಿಂತಿತು.

ದೈರ್ ಅಲ್-ಬಲಹ್‌ನ ನಿರಾಶ್ರಿತರ ಗುಡಾರಗಳ ನಡುವೆ ಅದೊಂದೇ ಧರ್ಮದ ಒಲೆ. ದಾನದ ಬೇಳೆಯ ಲಾರಿ ಬಂದು ವಾರವಾಗಿತ್ತು. ಚೀಲಗಳನ್ನು ಕೊಡವಿ ಕೊಡವಿ ಬೇಯಿಸಿದ್ದು ಈ ಒಂದು ಹಂಡೆ. ಊರನ್ನೇ ಹೊಟ್ಟೆಯಲ್ಲಿಟ್ಟುಕೊಂಡ ರಕ್ಕಸಿಯ ಹಾಗೆ ಅದು ಬುಸುಗುಟ್ಟುತ್ತಿತ್ತು. ಹಗ್ಗದಾಚೆ ಜನ ಪಾತ್ರೆ ಹಿಡಿದು ನಿಂತಿದ್ದರು. ಉಪವಾಸದ ತಿಂಗಳ ಸೂರ್ಯ ಆಗಲೇ ಸಮುದ್ರದ ಕಡೆ ಇಳಿಯುತ್ತಿದ್ದ.

"ಬಡಿಸಿಬಿಡಿ, ಹಸಿದವರಿಗೆ ಉಪ್ಪೇನು, ಸಪ್ಪೆಯೇನು," ಎಂದ ಒಲೆ ನೋಡಿಕೊಳ್ಳುವ ಅಬು ಸಾಹಿರ್.

"ಆಮೇಲೆ ರಾತ್ರಿಯೆಲ್ಲ ಮಕ್ಕಳು ನೀರು ನೀರು ಅಂತ ಅತ್ರೆ ನಿನ್ನ ಗಡ್ಡ ಹಿಂಡಿ ಕುಡಿಸ್ತೀಯಾ?" ಎಂದಳು ಉಮ್ಮ್ ನಾಹಿದ್.

ಉಳಿದಿದ್ದ ನೀರು ಎರಡೇ ಕೊಡ. ಉಪವಾಸ ಬಿಡುವವರ ಗಂಟಲಿಗೂ ಅದೇ ಬೇಕು. ಹಂಡೆಗೆ ಕಡಿಮೆ ಹಾಕಿದರೆ ಬಾಯಿಗಿಡಲಾಗದು, ಹೆಚ್ಚು ಹಾಕಿದರೆ ಕುಡಿಯಲು ಉಳಿಯದು. ಎಷ್ಟು ಬೇಕೆಂದು ನಾಲಿಗೆಯೇ ಹೇಳಬೇಕು. ನಾಲಿಗೆಗಳಿಗೆಲ್ಲ ಉಪವಾಸ. ತುದಿಗೆ ತಾಗಿಸಿ ಉಗಿದರೆ ಅಡ್ಡಿಯಿಲ್ಲ ಎಂದು ಮೌಲ್ವಿ ಹೇಳಿದ್ದರೂ ಅತ್ತೆ ಒಪ್ಪುವವಳಲ್ಲ.

ಅಬು ಸಾಹಿರ್ ಸಾಲಿನಿಂದ ಒಬ್ಬಳು ಪುಟ್ಟ ಹುಡುಗಿಯನ್ನು ಕರೆದು ಒಂದು ಚಮಚ ಕುಡಿಸಿದ.

"ಹೆಂಗಿದೆ?"

"ತುಂಬಾ ಚೆನ್ನಾಗಿದೆ!" ಮಗು ಚಮಚವನ್ನೂ ನೆಕ್ಕಿತು. "ಇನ್ನೊಂದು ಸಲ ನೋಡ್ಲಾ?"

ಇನ್ನೊಂದು ಮಗುವೂ ಹಾಗೇ ಹೇಳಿತು. ಹಸಿದ ಮಕ್ಕಳ ಸಾಕ್ಷಿಯನ್ನು ಯಾರು ನಂಬುತ್ತಾರೆ?

"ಉಪವಾಸ ಇಲ್ಲದ ದೊಡ್ಡವರು ಯಾರಾದ್ರೂ ಇದ್ದೀರಾ?" ಅಬು ಸಾಹಿರ್ ಕೂಗಿದ.

"ಸಕ್ಕರೆ ಕಾಯಿಲೆ ಇಟ್ಕೊಂಡು ನಾನೇ ಹಿಡಿದಿದ್ದೀನಿ, ಇನ್ಯಾರು ಬಿಟ್ಟಿರ್ತಾರೆ?" ಎಂದನೊಬ್ಬ ಮುದುಕ.

ರಿಹಾಬ್ ನೆಲ ನೋಡಿದಳು. ಅವಳಿಗೆ ನಿನ್ನೆಯಿಂದ ಉಪವಾಸವಿರಲಿಲ್ಲ. ತಿಂಗಳ ಆ ದಿನಗಳಲ್ಲಿ ಹೆಣ್ಣಿಗೆ ವಿನಾಯಿತಿಯೇನೋ ಇದೆ. ಆದರೆ ಗಂಡಸರೆದುರು ಗುಟುಕು ನೀರು ಕುಡಿಯುವ ಹುಡುಗಿ ಇಲ್ಲ. ಬೆಳಗಿನಿಂದ ಅವಳೂ ಒಣಗಿದ ತುಟಿಯಲ್ಲೇ ಓಡಾಡಿದ್ದಳು. ಈಗ ಸೌಟು ಎತ್ತಿದರೆ ಸಾಲಿಗೆ ಸಾಲೇ ತಿಳಿಯುತ್ತದೆ. ಅಣ್ಣನ ಗೆಳೆಯರೂ ಅಲ್ಲೇ ನಿಂತಿದ್ದಾರೆ. ನೆಲ ಬಾಯಿಬಿಟ್ಟು ತನ್ನನ್ನು ಗುಳುಂ ಎಂದು ನುಂಗಬಾರದೇ?

ನೆಲ ಬಾಯಿಬಿಡಲಿಲ್ಲ. ಸೂರ್ಯನ ಅಂಚು ನೀರಿಗೆ ತಾಗಿತು.

"ಅತ್ತೆ," ಎಂದಳು. ಕೈ ಚಾಚಿದಳು. "ಸೌಟು ಇಲ್ಲಿ ಕೊಡಿ."

ಉಮ್ಮ್ ನಾಹಿದ್ ಒಂದು ಗಳಿಗೆ ಹುಬ್ಬೇರಿಸಿದಳು. ಮರುಗಳಿಗೆ ಅರ್ಥವಾಯಿತು. ಸಾಲಿನ ಹೆಂಗಸರಿಗೂ ಆಯಿತು. ಯಾರೋ ಹುಡುಗ ಕಿಸಕ್ಕೆಂದ. ರಿಹಾಬ್‌ಳ ಕಿವಿ ಕೆಂಡವಾಯಿತು.

ಮುಂದೆ ನಿಂತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಪಾತ್ರೆಯನ್ನು ಢಣ್ಣೆಂದು ಬಡಿದಳು. "ಏ ಗಂಡಸ್ರೇ, ಸಮುದ್ರ ಎಲ್ಲಿದೆ ಅಂತ ಮರೆತ್ರಾ? ಆ ಕಡೆ ತಿರುಗ್ರೋ! ಹೊತ್ತು ಮುಳುಗೋದನ್ನ ಕಾಯ್ರಿ!"

ಗಂಡಸರು ತಿರುಗಿದರು. ಅಬು ಸಾಹಿರನಂತೂ ಕುತ್ತಿಗೆ ಉಳುಕುವಷ್ಟು ತಿರುಗಿದ.

ರಿಹಾಬ್ ಊದಿ ಊದಿ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. "ಸಮುದ್ರಾನೇ ಕುಡಿದ ಹಾಗಿದೆ."

ಅತ್ತೆ ಚೊಂಬಿನಲ್ಲಿ ನೀರು ಸುರಿದು ತಿರುವಿದಳು. ಮತ್ತೆ ರುಚಿ. ಇಲ್ಲ. ಇನ್ನೊಂದು ಚೊಂಬು. ಇಲ್ಲ. ಒಂದು ಕೊಡ ಬರಿದಾಯಿತು. ಅತ್ತೆ ಎರಡನೆಯದಕ್ಕೆ ಕೈ ಹಾಕಿದಳು. ಅರ್ಧ ಚೊಂಬು. ರಿಹಾಬ್ ಕಣ್ಣು ಮುಚ್ಚಿ ಚಪ್ಪರಿಸಿದಳು.

"ಸಾಕು. ನಿಲ್ಸಿ, ಅತ್ತೆ!"

ಅಷ್ಟರಲ್ಲಿ ಮುರಿದ ಮಿನಾರದ ಕಡೆಯಿಂದ ಬಾಂಗು ಬಂತು. ಉಳಿದ ನೀರು ಗುಟುಕು ಗುಟುಕಾಗಿ ಕೈಯಿಂದ ಕೈಗೆ ದಾಟಿತು. ತೆಳ್ಳಗಾಗಿದ್ದರೂ ಬೇಳೆಗಂಜಿ ಕೊನೆಯ ಪಾತ್ರೆಯವರೆಗೂ ಬಂತು.

ಉಮ್ಮ್ ನಾಹಿದ್ ಹಂಡೆಯ ತಳ ಕೆರೆದು ತಾನೂ ಒಂದು ಗುಟುಕು ಕುಡಿದಳು. ಬೈಯುತ್ತಾಳೆಂದು ರಿಹಾಬ್ ಕಾದಳು. ಅತ್ತೆ ಕಿವಿಯ ಹತ್ತಿರ ಬಗ್ಗಿದಳು.

"ಇನ್ನೆಷ್ಟು ದಿನ ನಿಂಗೆ?"

"ಮೂರೋ ನಾಲ್ಕೋ..."

"ಅಲ್ಲೀವರೆಗೆ ಉಪ್ಪು ನೋಡೋದು ನೀನು. ಆಮೇಲೆ ಯಾರ ಸರದಿ ಅಂತ ಹೆಂಗಸರನ್ನ ಈಗ್ಲೇ ವಿಚಾರಿಸಿಡ್ತೀನಿ."